ಮುಚ್ಚಲಿ, ಆದರೆ ಮೊದಲೇ ಹೇಳಲಿ

ಮಾನ್ಯ ಸಂಪಾದಕರೇ,

ಶಾಲಾ ಪ್ರವಾಸಕ್ಕೆ ಹೋದ ಮಕ್ಕಳಿಗೆ ಪಾರ್ಕಿನ ರೋಲರ್ ಕೋಸ್ಟರ್ ಹತ್ತಲು ಸಿಗಲಿಲ್ಲ, ರಿಪೇರಿ ಅಂತ ತಿಂಗಳುಗಟ್ಟಲೆ ಮುಚ್ಚಿಟ್ಟು ಟಿಕೆಟ್ ದುಡ್ಡು ಮಾತ್ರ ಪೂರ್ತಿ ತೆಗೆದುಕೊಳ್ಳುವುದು ಹಗಲು ದರೋಡೆ ಎಂದು ಪೋಷಕರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅದೇ ಬಸ್ಸಿನಲ್ಲಿ ನನ್ನ ಮೊಮ್ಮಗಳೂ ಹೋಗಿದ್ದಳು. ಅವರ ಸಿಟ್ಟಿನಲ್ಲಿ ಅರ್ಧ ನನಗೂ ಇದೆ. ಇನ್ನರ್ಧ ಒಪ್ಪಲು ಆಗುವುದಿಲ್ಲ.

ನಾನು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟರ್ ಆಗಿದ್ದವನು. ಈಗ ನಿವೃತ್ತನಾಗಿ ಶಿವಮೊಗ್ಗದಲ್ಲಿದ್ದೇನೆ. ಕ್ರೇನು, ಚೈನು, ಗೇರ್‌ಬಾಕ್ಸು, ಬೇರಿಂಗು ಇವುಗಳ ಜೊತೆಗೇ ನನ್ನ ಆಯಸ್ಸು ಕಳೆದಿದೆ. ಕಾರ್ಖಾನೆಯಲ್ಲಿ ಶಟ್‌ಡೌನ್ ಬಂತೆಂದರೆ ಹೊರಗಿನವರಿಗೆ ಎಲ್ಲ ನಿಂತುಹೋಗಿದೆ ಅನ್ನಿಸುತ್ತಿತ್ತು. ಒಳಗಿದ್ದ ನಮಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಹಾಗಾಗಿ ಯಂತ್ರ ನಿಲ್ಲಿಸಿದ್ದಾರೆ ಅಂದ ಕೂಡಲೇ ಯಾರೋ ಕೈಕಟ್ಟಿ ಕೂತಿದ್ದಾರೆ ಅಂತ ನಾನು ತಿಳಿಯುವುದಿಲ್ಲ.

ರೋಲರ್ ಕೋಸ್ಟರಿನ ಗಾಡಿ ಹಳಿಯ ಮೇಲೆ ಸುಮ್ನೆ ಕೂತಿರುವುದಿಲ್ಲ. ದಪ್ಪ ಪೈಪಿನ ಆ ಹಳಿಯನ್ನು ಮೇಲಿಂದ, ಪಕ್ಕದಿಂದ, ಅಡಿಯಿಂದ ಮೂರೂ ಕಡೆ ಚಕ್ರಗಳು ಹಿಡಿದಿರುತ್ತವೆ. ತಲೆಕೆಳಗಾದಾಗಲೂ ಗಾಡಿ ಹಳಿ ಬಿಡದೇ ಇರುವುದು ಅದರಿಂದ. ಆ ಜಗ್ಗಾಟವೆಲ್ಲ ಹೋಗಿ ಬೀಳುವುದು ಹಳಿಯ ವೆಲ್ಡಿಂಗ್ ಮೇಲೆ, ಕಂಬದ ಬೋಲ್ಟುಗಳ ಮೇಲೆ. ಗಾಡಿ ಬಂದಾಗ ಕಂಬ ಒಂಚೂರು ಬಗ್ಗುತ್ತದೆ, ದಾಟಿದ ಮೇಲೆ ನೆಟ್ಟಗಾಗುತ್ತದೆ. ದಿನವಿಡೀ ಇದೇ, ವರ್ಷಗಟ್ಟಲೆ ಇದೇ. ಬೈಂಡಿಂಗ್ ವೈರನ್ನು ಕೈಯಲ್ಲೇ ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ದಪ್ಪ ಉಕ್ಕಿಗೂ ಆಗುವುದು ಅದೇ. ನಿಧಾನಕ್ಕೆ ಆಗುತ್ತದೆ ಅಷ್ಟೇ.

ಶುರುವಿನಲ್ಲಿ ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹುಡುಕಲು ನಾವು ಡಿಪಿ ಟೆಸ್ಟ್ ಮಾಡುತ್ತಿದ್ದೆವು. ಮೊದಲು ಪೇಂಟು, ಗ್ರೀಸು, ತುಕ್ಕು ಎಲ್ಲ ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಆಮೇಲೆ ಕೆಂಪು ಬಣ್ಣದ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಬೇಕು. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿಯುತ್ತದೆ. ಮೇಲಿನ ಬಣ್ಣವನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆದು ಕಾಯಬೇಕು. ಒಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಮೆಲ್ಲಗೆ ಮೂಡುತ್ತದೆ. ಕ್ರೇನಿನ ಹುಕ್ಕಿನ ಕುತ್ತಿಗೆಯಲ್ಲಿ ಅಂಥ ಗೆರೆ ಮೂಡಿದ್ದನ್ನು ನೋಡಿದ್ದೇನೆ. ಉಗುರಿನಷ್ಟು ಉದ್ದ ಇತ್ತು. ಹಿಂದಿನ ದಿನದವರೆಗೂ ಅದೇ ಹುಕ್ಕಿಗೆ ಭಾರ ಕಟ್ಟಿ, ಅದರ ಕೆಳಗೇ ಓಡಾಡಿದ್ದೆವು. ಎದೆ ಝಲ್ಲೆಂದಿತ್ತು. ಒಂದು ಜಾಯಿಂಟಿಗೇ ಇಷ್ಟು ಕೆಲಸ ಹಿಡಿದರೆ, ಒಂದು ದೊಡ್ಡ ಕೋಸ್ಟರಿನ ಎಲ್ಲ ಜಾಯಿಂಟುಗಳಿಗೆ ಎಷ್ಟು ಹಿಡಿಯಬಹುದು, ನೀವೇ ಯೋಚಿಸಿ.

ಅಮೆರಿಕದ ಕ್ಯಾರೊವಿಂಡ್ಸ್ ಪಾರ್ಕಿನಲ್ಲಿ ಫ್ಯೂರಿ 325 ಅನ್ನುವ ಕೋಸ್ಟರ್ ಇದೆ. 325 ಅಂದರೆ ಅದರ ಎತ್ತರ, ಅಡಿಗಳಲ್ಲಿ. 2023ರ ಜೂನ್ 30ರಂದು ಅದರ ಒಂದು ಕಂಬ ಬಿರುಕು ಬಿಟ್ಟು ಅಡ್ಡಡ್ಡ ಬಾಯ್ದೆರೆದಿತ್ತು. ಗಾಡಿ ದಾಟುವಾಗ ಕಂಬದ ತುಂಡು ಜರುಗುವುದನ್ನು ಕಂಡು ಮೊಬೈಲಿನಲ್ಲಿ ಹಿಡಿದವರು ಪಾರ್ಕಿಗೆ ಬಂದಿದ್ದ ಒಬ್ಬರು. ಕೂಡಲೇ ನಿಲ್ಲಿಸಿದರು, ಹೊಸ ಕಂಬ ಮಾಡಿಸಿ ತಂದು ಕೂರಿಸಿದರು, ಆಗಸ್ಟಿನಲ್ಲಿ ಮತ್ತೆ ಬಿಟ್ಟರು. ಆ ವಿಡಿಯೊ ನೋಡಿದವರು ಯಾರೂ ರಿಪೇರಿಗೆ ಇಷ್ಟು ದಿನ ಯಾಕೆ ಅಂತ ಕೇಳಲಾರರು.

ಹಳಿಯನ್ನೇ ಬದಲಿಸುವುದಾದರೆ ತಿಂಗಳುಗಳಲ್ಲಿ ಲೆಕ್ಕ ಹಾಕಬೇಕು. ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಒಂದೊಂದು ತುಂಡಿನ ತಿರುವೂ ಬೇರೆ, ಹಾಗಾಗಿ ಒಂದೊಂದನ್ನೂ ಅಳತೆಗೆ ಬಗ್ಗಿಸಿಯೇ ಮಾಡಿಸಬೇಕು. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 1994ರಿಂದ ಓಡುತ್ತಿದ್ದ ನೆಮೆಸಿಸ್ ಅನ್ನು 2022ರ ನವೆಂಬರಿನಲ್ಲಿ ನಿಲ್ಲಿಸಿದವರು ಮತ್ತೆ ತೆರೆದದ್ದು 2024ರ ಮಾರ್ಚಿನಲ್ಲಿ. ಹಳಿ, ಕಂಬ ಬಹುಪಾಲು ಹೊಸತು, ಸುತ್ತುವ ದಾರಿ ಮಾತ್ರ ಹಳೆಯದೇ. ಫ್ಲಾರಿಡಾದ ಹಲ್ಕ್ ಕೋಸ್ಟರ್ 2015ರ ಸೆಪ್ಟೆಂಬರಿನಿಂದ 2016ರ ಆಗಸ್ಟ್‌ವರೆಗೆ ಮುಚ್ಚಿತ್ತು. ಎರಡೂ ಆಯಾ ಪಾರ್ಕುಗಳಿಗೆ ಜನ ಎಳೆದು ತರುತ್ತಿದ್ದ ಆಟಗಳೇ. ಅವನ್ನು ಅಷ್ಟು ದಿನ ನಿಲ್ಲಿಸಲು ಯಾವ ಮಾಲೀಕನಿಗೂ ಖುಷಿ ಇರುವುದಿಲ್ಲ.

ಆಲ್ಟನ್ ಟವರ್ಸ್‌ನಲ್ಲೇ 2015ರ ಜೂನ್ 2ರಂದು ಏನಾಯಿತು ಅನ್ನುವುದನ್ನೂ ಹೇಳಬೇಕು. ಸ್ಮೈಲರ್ ಅನ್ನುವ ಕೋಸ್ಟರಿನಲ್ಲಿ ಪರೀಕ್ಷೆಗೆ ಬಿಟ್ಟ ಖಾಲಿ ಗಾಡಿ ನಡುವೆಯೇ ನಿಂತುಬಿಟ್ಟಿತ್ತು. ರೈಲು ಹಳಿಯಂತೆ ಇಲ್ಲೂ ಒಂದು ಭಾಗದಲ್ಲಿ ಒಂದೇ ಗಾಡಿ ಇರಬೇಕು. ಹಾಗಾಗಿ ಕಂಪ್ಯೂಟರ್ ಜನ ತುಂಬಿದ ಗಾಡಿಯನ್ನು ಸರಿಯಾಗಿಯೇ ತಡೆದು ನಿಲ್ಲಿಸಿತ್ತು. ಮುಂದೆ ಗಾಡಿ ಇಲ್ಲ ಅಂದುಕೊಂಡ ಸಿಬ್ಬಂದಿ ಆ ತಡೆಯನ್ನು ಮೀರಿ ಬಿಟ್ಟರು. ಡಿಕ್ಕಿ ಹೊಡೆದ ಗಾಡಿಯಲ್ಲಿ 16 ಜನ ಇದ್ದರು. ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ಮರುವರ್ಷ ಕೋರ್ಟು ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಯಂತ್ರ ನಿಂತಾಗ ಮೊದಲು ಯಾಕೆ ನಿಂತಿತು ಅಂತ ನೋಡಬೇಕು, ಆಮೇಲೆ ಸ್ವಿಚ್ಚು ಮುಟ್ಟಬೇಕು. ನಮಗೆ ಕಾರ್ಖಾನೆಗೆ ಸೇರಿದ ಹೊಸದರಲ್ಲೇ ಹಿರಿಯ ಫಿಟರುಗಳು ಇದನ್ನು ಬೈದು ಬೈದು ಕಲಿಸಿದ್ದರು.

ನಮ್ಮ ಮಕ್ಕಳು ಹೋದ ಪಾರ್ಕಿನ ವಿಷಯಕ್ಕೆ ಬರುತ್ತೇನೆ. ಟೀಚರ್ ತೆಗೆದ ಒಂದು ಫೋಟೊ ಪೋಷಕರ ಗ್ರೂಪಿನಲ್ಲಿ ಬಂದಿತ್ತು. ಬೇಲಿಯ ಆಚೆ ಹಳಿಯ ತುಂಡೊಂದನ್ನು ಇಳಿಸಿ ಮರದ ದಿಮ್ಮಿಗಳ ಮೇಲೆ ಮಲಗಿಸಿದ್ದರು. ದೊಡ್ಡದು ಮಾಡಿ ನೋಡಿದೆ. ಪೇಂಟು ಕೆರೆದು, ವೆಲ್ಡಿಂಗಿನ ಸುತ್ತ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ನಂಬರ್ ಬರೆದಿದ್ದರು. ಒಂದು ಕಡೆ ಕೆಂಪು ಬಣ್ಣ ಒರೆಸಿದ ಕಲೆ ಇನ್ನೂ ಇತ್ತು. ಅಲ್ಲಿ ಯಾರೋ ಕೆಲಸ ಗೊತ್ತಿರುವವರು ಮನಸ್ಸಿಟ್ಟು ಮಾಡುತ್ತಿದ್ದಾರೆ. ಅದನ್ನು ದರೋಡೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಆ ಕೆಲಸ ಪ್ರವಾಸದ ದಿನ ಬೆಳಿಗ್ಗೆ ಶುರುವಾದದ್ದಲ್ಲ. ಶಾಲೆಯವರು ತಿಂಗಳ ಮೊದಲೇ ಫೋನ್ ಮಾಡಿ ಬುಕ್ ಮಾಡಿದ್ದರು. ಆಗ ಹೇಳಲಿಲ್ಲ. ಮುಂಗಡ ಕಟ್ಟಿಸಿಕೊಂಡಾಗ ಹೇಳಲಿಲ್ಲ. ಗೇಟಿನ ಹತ್ತಿರ ಟಿಕೆಟ್ ಎಣಿಸಿ ಕೊಟ್ಟವರೂ ಹೇಳಲಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋದ ಮಕ್ಕಳು ಒಳಗೆ ಓಡಿದ್ದು ಸೀದಾ ಆ ಆಟದ ಹತ್ತಿರ. ಬೋರ್ಡು ಇದ್ದದ್ದು ಅಲ್ಲಿ. ನನ್ನ ಮೊಮ್ಮಗಳ ಪಕ್ಕದ ಸೀಟಿನ ಹುಡುಗಿಯ ತಾಯಿ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯಲು ಹೋಗುತ್ತಾರೆ. ಆ ಸೀಸನ್ನಿನ ಸುಲಿತದ ದುಡ್ಡಿನಲ್ಲಿ ಕಂತು ಕಂತಾಗಿ ಪ್ರವಾಸದ ಹಣ ಕಟ್ಟಿದ್ದರು. ರಾತ್ರಿ ಹೊತ್ತು ಲೈಟಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಕೂತು ಸಂಪಾದಿಸಿದ ದುಡ್ಡು ಅದು. "ಅಜ್ಜ, ಅವಳು ಅಮ್ಮನಿಗೆ ಹತ್ತಿದೆ ಅಂತಲೇ ಹೇಳ್ತೀನಿ ಅಂದ್ಳು" ಎಂದು ಮೊಮ್ಮಗಳು ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಒಂದು ಫೋನ್ ಕರೆ ಮಾಡಿದ್ದರೆ ಶಾಲೆಯವರು ದಿನ ಬದಲಿಸುತ್ತಿದ್ದರು, ಇಲ್ಲ ಬೇರೆ ಕಡೆ ಕರೆದುಕೊಂಡು ಹೋಗುತ್ತಿದ್ದರು. ದೊಡ್ಡ ಆಟ ಇಲ್ಲದ ದಿನ ಟಿಕೆಟ್ ದರ ಕಡಿಮೆ ಮಾಡಿ ಅಂತ ಕೇಳುತ್ತಿದ್ದರು. ಅದು ನ್ಯಾಯ ತಾನೇ?

ಮೊದಲೇ ಹೇಳುವುದೇನು ಆಗದ ಕೆಲಸವಲ್ಲ. ಟೋಕಿಯೊ ಡಿಸ್ನಿಲ್ಯಾಂಡಿನ ಸ್ಪೇಸ್ ಮೌಂಟನ್ 1983ರಿಂದ ಓಡುತ್ತಿತ್ತು. ಅದನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟುತ್ತೇವೆ ಎಂದು 2022ರ ಏಪ್ರಿಲಿನಲ್ಲೇ ತಿಳಿಸಿದ್ದರು. ನಿಲ್ಲಿಸಿದ್ದು 2024ರ ಜುಲೈ 31ಕ್ಕೆ. ಎರಡು ವರ್ಷಕ್ಕೂ ಹೆಚ್ಚು ಮೊದಲೇ ಹೇಳಿದರು, ಮತ್ತೆ ತೆರೆಯುವುದು 2027ರಲ್ಲಿ ಎಂದೂ ಹೇಳಿದರು. ಅಷ್ಟು ದೂರ ಯಾಕೆ, ನಮ್ಮ ಜೋಗವನ್ನೇ ನೋಡಿ. ಪ್ರವೇಶದ್ವಾರದ ಕೆಲಸಕ್ಕಾಗಿ 2025ರ ಜನವರಿ 1ರಿಂದ ಮಾರ್ಚ್ 15ರವರೆಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದು ಜಿಲ್ಲಾಡಳಿತ ಮೊದಲೇ ಪ್ರಕಟಿಸಿತ್ತು. ಪೇಪರಿನಲ್ಲಿ ಓದಿ ನಮ್ಮ ಮನೆಗೆ ಬಂದ ನೆಂಟರನ್ನು ಆಗುಂಬೆಗೆ ಕರೆದುಕೊಂಡು ಹೋದೆವು. ಯಾರಿಗೂ ಬೇಜಾರಾಗಲಿಲ್ಲ.

ಇನ್ನೊಂದು ಮಾತು. ನಿಜ ಹೇಳಬೇಕೆಂದರೆ ಈ ಪತ್ರ ಬರೆಯಲು ಕೂತಿದ್ದು ಇದಕ್ಕೇ. ತಿಂಗಳುಗಟ್ಟಲೆ ಮುಚ್ಚುವ ಕೋಸ್ಟರ್ ಬಗ್ಗೆ ನನಗೆ ಭಯವಿಲ್ಲ. ಒಂದು ದಿನವೂ ಮುಚ್ಚದ ನಮ್ಮ ಜಾತ್ರೆಯ ಆಟಗಳ ಬಗ್ಗೆ ಭಯ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ, ಸಾಗರದ ಜಾತ್ರೆ, ಶಿರಸಿ ಜಾತ್ರೆ, ಎಲ್ಲೆಡೆ ಜೈಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್ ಬರುತ್ತವೆ. ಲಾರಿಯಲ್ಲಿ ಬಂದಿಳಿದು, ರಾತ್ರೋರಾತ್ರಿ ಜೋಡಣೆಯಾಗಿ, ಜಾತ್ರೆ ಮುಗಿದ ಕೂಡಲೇ ಬಿಚ್ಚಿ ಮುಂದಿನ ಊರಿಗೆ ಹೋಗುತ್ತವೆ. ಪ್ರತಿ ಸಲ ಬಿಚ್ಚಿ ಜೋಡಿಸುವಾಗಲೂ ಬೋಲ್ಟು ಸವೆಯುತ್ತದೆ, ತೂತು ಅಗಲವಾಗುತ್ತದೆ. ಮಲೆನಾಡಿನ ಒಂದು ಜಾತ್ರೆಯಲ್ಲಿ ತೊಟ್ಟಿಲು ನೇತುಹಾಕಿದ ಪಿನ್ನನ್ನು ಹತ್ತಿರದಿಂದ ನೋಡಿದೆ. ಪಿನ್ನು ಜಾರದಂತೆ ತುದಿಯಲ್ಲಿ ಸ್ಪ್ಲಿಟ್ ಪಿನ್ ಇರಬೇಕು. ಅದರ ಜಾಗದಲ್ಲಿ ಬೈಂಡಿಂಗ್ ವೈರು ಸುತ್ತಿದ್ದರು. ವೀಲಿನ ಕಾಲುಗಳ ಕೆಳಗೆ ಮರದ ಹಲಗೆ, ಅದು ಅಲ್ಲಾಡದ ಹಾಗೆ ಸಂದಿಗೆ ಕಲ್ಲು. ಆಪರೇಟರ್ ಹುಡುಗನನ್ನು ಕರೆದು ತೋರಿಸಿದೆ. "ಏನೂ ಆಗಲ್ಲ ಅಣ್ಣಾ, ಹಿಂಗೇ ಓಡ್ತದೆ" ಅಂದ. ಅವನ ತಪ್ಪು ಅನ್ನಲಾರೆ, ಅವನಿಗೆ ಯಾರೂ ಕಲಿಸಿಲ್ಲ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಪಾರ್ಕಿನಲ್ಲಿ ಲೋಲಕದಂತೆ ತೂಗುವ ಆಟ ಮುರಿದು ಬಿದ್ದು ಜನ ಸತ್ತರು. ಅದು ಒಂದೇ ಜಾಗದಲ್ಲಿ ನಿಂತಿದ್ದ ಆಟ. ಊರೂರು ಸುತ್ತುವ ಆಟಗಳ ಗತಿ ಏನು?

ಪಾರ್ಕಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಯಾವ ಆಟ ಯಾವತ್ತಿನಿಂದ ಯಾವತ್ತಿನವರೆಗೆ ಇಲ್ಲ ಅನ್ನುವುದನ್ನು ಬುಕಿಂಗ್ ಮಾಡುವಾಗಲೇ ಹೇಳಿ. ಮೊದಲೇ ಬುಕ್ ಮಾಡಿದ ಶಾಲೆಗಳಿಗೆ ನೀವೇ ಫೋನ್ ಮಾಡಿ. ಕೆಲಸ ತಡವಾದರೆ ತಡವಾಗಿದೆ ಎನ್ನಿ, ನಾವು ಕಾಯುತ್ತೇವೆ. ಬೇಲಿಯ ಹೊರಗೆ ಒಂದು ದೊಡ್ಡ ಬೋರ್ಡು ಹಾಕಿ, ಒಳಗೆ ಯಾವ ಕೆಲಸ ನಡೆಯುತ್ತಿದೆ ಅಂತ ಮಕ್ಕಳಿಗೆ ಅರ್ಥವಾಗುವಂತೆ ಚಿತ್ರ ಬರೆದು ತೋರಿಸಿ. ಅದನ್ನು ನೋಡಿ ನಾಲ್ಕು ಮಕ್ಕಳಾದರೂ ಐಟಿಐ ಸೇರುವ ಮನಸ್ಸು ಮಾಡಿದರೆ ನನಗೆ ಬಹಳ ಸಂತೋಷ.

ಜಿಲ್ಲಾಡಳಿತ ಮತ್ತು ಜಾತ್ರಾ ಸಮಿತಿಗಳಲ್ಲೂ ಒಂದು ವಿನಂತಿ. ಆಟಗಳಿಗೆ ಜಾಗ ಹರಾಜು ಹಾಕುವಾಗಲೇ, ಜೋಡಣೆ ಮುಗಿದ ಮೇಲೆ ಒಂದು ಇಡೀ ದಿನ ತಪಾಸಣೆಗೆ ಬಿಡಬೇಕು ಎಂಬ ಷರತ್ತು ಹಾಕಿ. ಆ ದಿನ ಟಿಕೆಟ್ ಮಾರುವಂತಿಲ್ಲ. ತೊಟ್ಟಿಲುಗಳಲ್ಲಿ ಮರಳು ಮೂಟೆ ಇಟ್ಟು ಓಡಿಸಿ ನೋಡಲಿ. ನಮ್ಮ ಜಿಲ್ಲೆಯಲ್ಲೇ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳಿವೆ, ಮೆಕ್ಯಾನಿಕಲ್ ವಿಭಾಗದವರನ್ನು ಕರೆಸಬಹುದು. ಯಾರು ನೋಡಿದರು, ಯಾವತ್ತು ನೋಡಿದರು ಅನ್ನುವ ಚೀಟಿ ಟಿಕೆಟ್ ಕೌಂಟರಿನ ಪಕ್ಕದಲ್ಲೇ ಅಂಟಿಸಿರಲಿ. ಭದ್ರಾವತಿಯಲ್ಲಿ ನನ್ನಂಥ ನಿವೃತ್ತ ಫಿಟರುಗಳು, ವೆಲ್ಡರುಗಳು ಬೇಕಾದಷ್ಟು ಜನ ಇದ್ದಾರೆ. ಮುಂದಿನ ಜಾತ್ರೆಗೆ ಕರೆದರೆ ನಾನು ಬರುತ್ತೇನೆ. ಸಂಬಳ ಬೇಡ. ಡಿಪಿ ಟೆಸ್ಟಿನ ಮೂರು ಡಬ್ಬಿ ತರಿಸಿಕೊಟ್ಟು, ಹತ್ತಲು ಒಂದು ಗಟ್ಟಿ ಏಣಿ ಕೊಟ್ಟರೆ ಸಾಕು.

ಇಂತಿ,
ಒಬ್ಬ ನಿವೃತ್ತ ಫಿಟರ್,
ವಿನೋಬನಗರ, ಶಿವಮೊಗ್ಗ