ಹೊಸ ಇಂಧನದ ಹೊಗೆಯನ್ನೂ ಪರೀಕ್ಷೆ ಮಾಡಿ

ಮಾನ್ಯ ಸಂಪಾದಕರೇ,

ಹಡಗುಗಳಿಗೆ ಎಣ್ಣೆಯ ಬದಲು ಅಮೋನಿಯಾ, ಮೆಥನಾಲ್ ಇಂಧನ ಹಾಕುವ ಸುದ್ದಿ ಈಗೀಗ ಜಾಸ್ತಿ ಬರುತ್ತಿದೆ. ಎಲ್ಲ ಕಡೆ ಇಂಗಾಲದ ಲೆಕ್ಕವೇ. ಆ ಹೊಗೆ ಉಸಿರಾಡಿದವರಿಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ನಾನು ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಮನೆ ಪಣಂಬೂರು ಬಂದರಿಗೆ ಹತ್ತಿರದ ಕುಳಾಯಿಯಲ್ಲಿ. ಬಾಯ್ಲರಿನ ಮಸಿಯನ್ನು ನಾವು ನಡುಸಮುದ್ರದಲ್ಲೇ ಊದಿ ತೆಗೆಯುತ್ತಿದ್ದೆವು. ಮೊದಲು ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ಗೆ ಫೋನ್ ಮಾಡಿ ಗಾಳಿ ಯಾವ ಕಡೆ ಎಂದು ಕೇಳಬೇಕು. ಗಾಳಿ ತಿರುಗಿತೋ, ಡೆಕ್ ತುಂಬ ಎಣ್ಣೆ ಹಿಡಿದ ಕರಿ ಚೂರು. ಒರೆಸಿದಷ್ಟೂ ಹರಡುತ್ತಿತ್ತು. ಆಗ ಎಣ್ಣೆಯಲ್ಲಿ ಗಂಧಕ ಶೇ 3.5ರವರೆಗೂ ಇರಬಹುದಿತ್ತು. 2020ರ ಜನವರಿಯಿಂದ ಆ ಮಿತಿ ಶೇ 0.5ಕ್ಕೆ ಇಳಿಯಿತು. ಒಳ್ಳೆಯದೇ ಆಯಿತು.

ಹಾಗಂತ ಮಸಿ ಕಾಣದಿದ್ದರೆ ವಿಷವೂ ಇಲ್ಲ ಎನ್ನಲಾಗದು. ಜರ್ಮನಿಯ ರೋಸ್ಟಾಕ್‌ನಲ್ಲಿ ವಿಜ್ಞಾನಿಗಳು ಹಡಗಿನ ಎಂಜಿನ್ನಿನ ಹೊಗೆಯನ್ನು ಮನುಷ್ಯರ ಶ್ವಾಸಕೋಶದ ಜೀವಕೋಶಗಳ ಮೇಲೆ ನೇರವಾಗಿ ಹಾಯಿಸಿ ನೋಡಿದರು. ಫಲಿತಾಂಶ 2015ರಲ್ಲಿ ಬಂತು. ದಪ್ಪ ಎಣ್ಣೆಯ ಹೊಗೆಯಲ್ಲಿ ಲೋಹಗಳು ಜಾಸ್ತಿ ಇದ್ದವು, ಉರಿಯೂತವೂ ಕಂಡಿತು. ಆದರೆ ಜೀವಕೋಶದ ಮೂಲ ಕೆಲಸಗಳನ್ನು ಹೆಚ್ಚು ಕಡೆ ಏರುಪೇರು ಮಾಡಿದ್ದು ‘ಶುದ್ಧ’ ಎನಿಸಿದ ಡೀಸೆಲ್ ಹೊಗೆ. ಪರೀಕ್ಷಿಸದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ, ಅಲ್ವಾ?

ಅಮೋನಿಯಾದಲ್ಲಿ ಇಂಗಾಲವಿಲ್ಲ, ನಿಜ. ಆದರೆ ಸರಿಯಾಗಿ ಉರಿಯದೆ ಉಳಿದ ಅಮೋನಿಯಾ ಚಿಮಣಿಯಿಂದ ಹೊರಬಿದ್ದು, ಗಾಳಿಯಲ್ಲಿ ಆಮ್ಲಗಳ ಜೊತೆ ಸೇರಿ ಸೂಕ್ಷ್ಮ ಕಣವಾಗುತ್ತದೆ. ಮೆಥನಾಲ್ ಅರೆಬರೆ ಉರಿದರೆ ಫಾರ್ಮಾಲ್ಡಿಹೈಡ್ ಬರುತ್ತದೆ. ಅದು ಕ್ಯಾನ್ಸರ್ ತರುವ ವಸ್ತು. ತಡೆಯಲು ಕ್ಯಾಟಲಿಸ್ಟ್, ಅಂದರೆ ಹೊಗೆಯಲ್ಲಿನ ವಿಷವನ್ನು ಒಡೆಯುವ ಸಾಧನ, ಇದೆ ಎನ್ನುತ್ತಾರೆ. ಬಂದರಿಗೆ ಬರುವಾಗ ಎಂಜಿನ್ ನಿಧಾನವಾಗಿ ಓಡುತ್ತದೆ, ಹೊಗೆಯ ಬಿಸಿ ಇಳಿಯುತ್ತದೆ. ಬಿಸಿ ಸಾಲದಿದ್ದರೆ ಕ್ಯಾಟಲಿಸ್ಟ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂದರೆ ಜನವಸತಿಯ ಹತ್ತಿರ ಬಂದಾಗಲೇ ಅದರ ರಕ್ಷಣೆ ಕಡಿಮೆ. ಎಂಜಿನ್ ಪೂರ್ತಿ ವೇಗದಲ್ಲಿ ಓಡುವಾಗ ತೆಗೆದ ಅಂಕಿ ತೋರಿಸಿ ಸಮಾಧಾನ ಹೇಳಿದರೆ ಸಾಲದು.

ಸುರತ್ಕಲ್‌ನಲ್ಲಿ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಇದೆ. ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳಿವೆ. ಎರಡೂ ಕಡೆಯವರು ಸೇರಿ, ನಿಧಾನ ಓಡುವ ಎಂಜಿನ್ನಿನ ಹೊಗೆಯನ್ನೇ ಶ್ವಾಸಕೋಶದ ಜೀವಕೋಶಗಳ ಮೇಲೆ ಪರೀಕ್ಷಿಸಲಿ. ಬಂದರು ಇಲಾಖೆ ಅದಕ್ಕೆ ಹಣ ಕೊಡಲಿ. ಹೊಸ ಇಂಧನದ ಟ್ಯಾಂಕ್ ಕಟ್ಟುವ ಮೊದಲೇ ಫಲಿತಾಂಶವನ್ನು ಕನ್ನಡದಲ್ಲಿ ನಮ್ಮೂರಿನವರ ಮುಂದಿಡಲಿ.

– ಒಬ್ಬ ನಿವೃತ್ತ ಹಡಗು ಎಂಜಿನಿಯರ್, ಕುಳಾಯಿ, ಮಂಗಳೂರು