ಮಾಟುಂಗಾ ಲ್ಯಾಬಿನ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಿಕೊಳ್ಳಲಿಲ್ಲ. ತುಂಬಾ ಥ್ಯಾಂಕ್ಸ್. ಉರಿಮೂತ್ರದ ವಿಷಯ ಅಮ್ಮ ನನ್ನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ನೀವು ಪಕ್ಕಕ್ಕೆ ಕರೆದು, ಪರೀಕ್ಷೆಗೆ ಮೂತ್ರ ಕೊಡುವಾಗ ಮೊದಲು ಸ್ವಲ್ಪ ಬಿಟ್ಟು ನಡುವಿನದ್ದನ್ನು ಹಿಡಿಯಬೇಕು, ಆ್ಯಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ ಕೊಡಬೇಕು ಅಂತ ಕನ್ನಡದಲ್ಲೇ ತಿಳಿಸಿದಿರಿ.

ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ರಿಪೋರ್ಟಿನಲ್ಲಿ ಲಕ್ಷದ ಲೆಕ್ಕ ನೋಡಿ ನಾನು ಗಾಬರಿಯಾದೆ. ಆಗ ನೀವು ಅಮೆರಿಕದ ಬಾಸ್ಟನ್‌ನಲ್ಲಿದ್ದ ಡಾಕ್ಟರ್ ಎಡ್ವರ್ಡ್ ಕ್ಯಾಸ್ ಬಗ್ಗೆ ಹೇಳಿದಿರಿ. ಸೋಂಕು ಯಾವುದು, ಹೊರಗಿನಿಂದ ಬೆರೆತದ್ದು ಯಾವುದು ಅಂತ ಗುರುತಿಸಲು ಮಿಲಿಲೀಟರ್‌ಗೆ 1,00,000 ಬ್ಯಾಕ್ಟೀರಿಯಾ ಎಂಬ ಗೆರೆಯನ್ನು 1950ರ ದಶಕದಲ್ಲಿ ಎಳೆದವರು ಅವರು. ಉರಿ ಇದ್ದರೆ ಅದಕ್ಕಿಂತ ಕಡಿಮೆಯೂ ಸೋಂಕಾಗಿರಬಹುದು, ಡಾಕ್ಟರನ್ನೇ ಕೇಳಿ ಅಂದಿರಿ. ಮುಂಬೈ ಗಡಿಬಿಡಿಯಲ್ಲಿ ಇಷ್ಟು ಬಿಡಿಸಿ ಹೇಳುವವರು ಅಪರೂಪ, ಅಲ್ವಾ?

ಅಮ್ಮ ಈಗ ಆರಾಮ. ಇದು ಕಣ್ಣಿಗೆ ಬಿದ್ದರೆ ತಿಳಿಸಿ, ನಿಮ್ಮನ್ನು ಊಟಕ್ಕೆ ಕರೆಯಬೇಕಂತೆ.