ಮೈಕಿಲ್ಲದ ಒಂದು ದಿನ

ಈ ಸಲ ನಮ್ಮ ಕನ್ನಡ ಬಳಗದ ಸಂಚಿಕೆ ತಡವಾಯಿತು. ತಪ್ಪು ನನ್ನದೇ. ಸಂಗೀತ ಕೇಳೋಕೆ ಅತ್ತಿಗೆಯ ಜೊತೆ ಕುಹ್ಮೊ ಎಂಬ ಊರಿಗೆ ಹೋಗಿದ್ದೆ, ಲ್ಯಾಪ್‌ಟಾಪ್ ಬೇಕಂತಲೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಬೈಯುವವರು ಮುಂದಿನ ಸಭೆಯಲ್ಲಿ ಬೈಯಬಹುದು, ಕಾಫಿ ನನ್ನ ಲೆಕ್ಕ.

ಫಿನ್ಲೆಂಡಿಗೆ ಬಂದು ವರ್ಷಗಳಾದರೂ ನಮ್ಮಲ್ಲಿ ಹೆಚ್ಚಿನವರು ಆ ಕಡೆ ಹೋದವರಲ್ಲ. ಹೆಲ್ಸಿಂಕಿಯಿಂದ ಕಾಯಾನಿಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಇನ್ನೂ ಸುಮಾರು 100 ಕಿಲೋಮೀಟರ್. ಕಾಡು, ಕೆರೆ, ಮತ್ತೆ ಕಾಡು. ಅದರಾಚೆ ರಷ್ಯಾ ಗಡಿ. ಜನಸಂಖ್ಯೆ 8,000ದ ಆಸುಪಾಸು. ಇಂಥ ಊರಲ್ಲಿ 1970ರಲ್ಲಿ ಸೆಪ್ಪೊ ಕಿಮಾನೆನ್ ಎಂಬ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲು) ವಾದಕ ಚೇಂಬರ್ ಮ್ಯೂಸಿಕ್ ಉತ್ಸವ ಶುರು ಮಾಡಿದರು. ಆಗ ಅವರಿಗೆ 20ರ ಆಸುಪಾಸು. ಆ ವಯಸ್ಸಿನಲ್ಲಿ ಮಾತ್ರ ಬರುವಂಥ ಯೋಚನೆ ಅದು. ಈಗ ಪ್ರತಿ ಜುಲೈಯಲ್ಲಿ ಎರಡು ವಾರ, ದಿನಕ್ಕೆ ನಾಲ್ಕೈದು ಕಚೇರಿ.

ಚೇಂಬರ್ ಮ್ಯೂಸಿಕ್ ಅಂದರೆ ಕೋಣೆಯ ಸಂಗೀತ. ಮೂರೋ ನಾಲ್ಕೋ ಐದೋ ಜನ ಕೂತು ನುಡಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾಲು. ಮುಂದೆ ಕೋಲು ಬೀಸುವವರು ಯಾರೂ ಇಲ್ಲ. ಹಾಗಾದರೆ ಎಲ್ಲರೂ ಒಟ್ಟಿಗೆ ಶುರು ಮಾಡೋದು ಹೇಗೆ? ಬೆಳಗಿನ ಕಚೇರಿಯಲ್ಲಿ ಮೂರನೇ ಸಾಲಲ್ಲಿ ಕೂತಿದ್ದಕ್ಕೆ ಗೊತ್ತಾಯಿತು. ಮೊದಲ ಪಿಟೀಲಿನ ಹೆಂಗಸು ಮೂಗಿನಿಂದ ಸರ್ರನೆ ಉಸಿರೆಳೆದುಕೊಂಡರು. ಅಷ್ಟೇ. ನಾಲ್ಕು ಬಿಲ್ಲೂ ಒಟ್ಟಿಗೆ ತಂತಿಗೆ ಇಳಿದವು. ನಮ್ಮ ಮೃದಂಗದವರು ಹಾಡುವವರ ತೊಡೆಯ ಮೇಲಿನ ತಾಳ ನೋಡುತ್ತಾರಲ್ಲ, ಇವರು ಉಸಿರು ನೋಡುತ್ತಾರೆ. ಅವತ್ತು ಉಳಿದ ಕಚೇರಿಗಳಲ್ಲೆಲ್ಲ ನಾನು ಆ ಉಸಿರಿಗೇ ಕಾದು ಕೂತಿದ್ದೆ.

ಮಧ್ಯಾಹ್ನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಚೇರಿಯಲ್ಲಿ ನಿದ್ದೆ ಹೋದೆ. ಸೊಳ್ಳೆ ವಿಪರೀತ. ಇಲ್ಲಿನ ಪುಲ್ಲಾ ಬನ್ನಿಗೆ ಏಲಕ್ಕಿ ಹಾಕುತ್ತಾರೆ ಅಂತ ನಿಮಗೆಲ್ಲ ಗೊತ್ತು, ಆದರೆ ಬೆನ್ನಿಗೆ ಚೆಲ್ಲೊ ಪೆಟ್ಟಿಗೆ ಹೊತ್ತವರ ಹಿಂದೆ ಸಾಲಲ್ಲಿ ನಿಂತು ತಿನ್ನುವ ಬನ್ನಿನ ರುಚಿಯೇ ಬೇರೆ. ಬೆಳಿಗ್ಗೆ ವೇದಿಕೆಯ ಮೇಲಿದ್ದವರು ಇವರೇ. ಈಗ ನಮ್ಮ ಹಾಗೇ ಚಿಲ್ಲರೆ ಹುಡುಕುತ್ತಿದ್ದಾರೆ.

ಸಂಜೆ ಲೆಂಟುವಾ ಹಾಲಿನಲ್ಲಿ ಆಸ್ಟ್ರಿಯಾದ ಸಂಯೋಜಕ ಷೂಬರ್ಟ್‌ನ ಸಿ ಮೇಜರ್ ಕ್ವಿಂಟೆಟ್, ಅಂದರೆ ಐವರು ನುಡಿಸುವ ಕೃತಿ. ಊರಿನ ದೊಡ್ಡ ಸಭಾಂಗಣ ಇದೇ, ಆದರೂ 700 ಸೀಟೂ ಇಲ್ಲ. ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಎರಡು ಚೆಲ್ಲೊ. 1828ರಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮುಂಚೆ ಬರೆದದ್ದು. ಅವನಿಗಾಗ 31. ಇದನ್ನು ಸಾರ್ವಜನಿಕವಾಗಿ ಮೊದಲ ಸಲ ನುಡಿಸಿದ್ದು 1850ರಲ್ಲಿ. ಎರಡನೇ ಭಾಗದಲ್ಲಿ ನಡುವಿನ ಮೂವರು ಬಿಲ್ಲನ್ನು ಎಷ್ಟು ನಿಧಾನಕ್ಕೆ ಎಳೆಯುತ್ತಾರೆಂದರೆ, ಮುಗಿಯುತ್ತದೋ ಇಲ್ಲವೋ ಅಂತ ನಮಗೇ ಆತಂಕ. ಎರಡನೇ ಚೆಲ್ಲೊದವರು ಬಿಲ್ಲನ್ನು ಅಂಗೈಯಲ್ಲೇ ಹಿಡಿದುಕೊಂಡು ಬೆರಳಿನಿಂದ ತಂತಿ ಮೀಟುತ್ತಿದ್ದರು. ಮೀಟಿದ ಮೇಲೂ ತಂತಿ ನಡುಗುತ್ತಿದ್ದದ್ದು ನಾನು ಕೂತಲ್ಲಿಂದ ಕಾಣುತ್ತಿತ್ತು. ಯಾರೂ ಕೆಮ್ಮಲಿಲ್ಲ. ಸೊಳ್ಳೆ ಕಡಿದದ್ದನ್ನು ಕೆರೆದುಕೊಳ್ಳೋಕೂ ನಾನು ಹಿಂಜರಿದೆ.

ಕೊನೆಯಲ್ಲಿ ಐವರೂ ಷಡ್ಜಕ್ಕೆ ಬಂದು ನಿಲ್ಲುತ್ತಾರೆ ಅಂದುಕೊಂಡೆವು. ಸುಮ್ನೆ ಬರಲಿಲ್ಲ. ಅದರ ಪಕ್ಕದ ಸ್ವರಕ್ಕೆ ಒಮ್ಮೆ ಜೋರಾಗಿ ಗುದ್ದಿಕೊಂಡೇ ಬಂದರು. ಚಪ್ಪಾಳೆಯ ಮಧ್ಯೆ ನಮ್ಮತ್ತಿಗೆ ನನ್ನ ತೋಳು ಹಿಡಿದು, "ಶುದ್ಧ ರಿಷಭ ಕಣೋ! ಮಾಯಾಮಾಳವಗೌಳದ ರಿ!" ಅಂದರು. ಮಲ್ಲೇಶ್ವರದಲ್ಲಿ ಸರಳೆ ವರಸೆ ಕಲಿತು, ಮದುವೆಯಾದ ಮೇಲೆ ಬಿಟ್ಟವರು. ಮನೆಗೆ ಬಂದು ಆ ಕೃತಿಯ ಸ್ವರಲಿಪಿ ನೋಡಿದೆ. ಡಿ ಫ್ಲ್ಯಾಟ್, ಆಮೇಲೆ ಸಿ. ಸಿಯನ್ನು ಸ ಅಂತ ಇಟ್ಟುಕೊಂಡರೆ ಅತ್ತಿಗೆ ಹೇಳಿದ್ದೇ ಸರಿ. ರಾಗ ಅದಲ್ಲ, ಅದು ಬೇರೆ ಮಾತು. ರಾತ್ರಿ ಹತ್ತರ ಬೆಳಕಲ್ಲಿ ಕೆರೆಯ ದಂಡೆ ಹಿಡಿದು ನಡೆಯುತ್ತಾ ಅವರು ಸ ರಿ ಗ ಮ ಗುನುಗುತ್ತಲೇ ಇದ್ದರು.

ಇಷ್ಟೆಲ್ಲ ಕೇಳಿದ್ದು ಮೈಕಿಲ್ಲದೆ. ಈಗ ನಮ್ಮ ಯುಗಾದಿ ಕಾರ್ಯಕ್ರಮ ನೆನಪಿಸಿಕೊಳ್ಳಿ. ನಾಲ್ಕಕ್ಕೆ ಅಂದದ್ದು ಐದು ದಾಟಿತು. ಮೂರು ಮೈಕು, ಅದರಲ್ಲಿ ಎರಡು ಕಿರುಚಿದವು. ಒಂದು ಮಗು ಪಿಟೀಲಿನಲ್ಲಿ ಮೋಹನ ರಾಗ ನುಡಿಸಿತು, ಪಾಪ, ನಮಗೆ ಕೇಳಿದ್ದು ಮೈಕಿನವರು 'ಹಲೋ ಹಲೋ' ಅಂದದ್ದು. ಆ ಮಗುವಿನ ಉಸಿರು ನಮಗೆ ಯಾರಿಗೂ ಕೇಳಲಿಲ್ಲ, ಅಲ್ವಾ?

ಅದಕ್ಕೆ ರಾಜ್ಯೋತ್ಸವದ ದಿನ ಹಾಲಿನ ಪಕ್ಕದ ಸಣ್ಣ ಕೋಣೆಯಲ್ಲಿ ಅರ್ಧ ಗಂಟೆ ಮೈಕಿಲ್ಲದ ಕಚೇರಿ ಇಡೋಣ ಅಂದೆ. ನುಡಿಸುವವರು ನಡುವೆ, ಕೇಳುವವರು ಸುತ್ತ, ಚಾಪೆಯ ಮೇಲೆ. ಕಮಿಟಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೈಕಿನ ಬಾಡಿಗೆ ಎಷ್ಟು ಉಳಿಯುತ್ತದೆ ಅಂತ ಖಜಾಂಚಿಯವರು ಕೇಳಿದರು. ಹೇಳಿದೆ. ಒಪ್ಪಿದರು. ಅತ್ತಿಗೆಯವರ ಹೆಸರು ಅವರನ್ನು ಕೇಳದೆಯೇ ಬರೆಸಿದ್ದೇನೆ.